ವಿಲೀನದ ಬೆಲೆ ಸಾಲದೇ? ನಿರ್ದೇಶಕರ ಮೇಲೆ ಕೇಸೋ, ಬೆಲೆ ಕಟ್ಟಿಸುವ ಅರ್ಜಿಯೋ?

ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನೋಂದಣಿಯಾದ ಕಂಪನಿಯ ವಿಲೀನಕ್ಕೆ ಕೊಡುವ ದರ ಕಡಿಮೆ ಅನಿಸಿದರೆ ಷೇರುದಾರರಿಗೆ ಮುಖ್ಯವಾಗಿ ಎರಡು ದಾರಿ.

ನಿರ್ದೇಶಕರು ನಂಬಿಕೆಗೆ ದ್ರೋಹ ಮಾಡಿದರು ಎಂದು ಎಲ್ಲ ಷೇರುದಾರರ ಪರವಾಗಿ ಕೇಸು ಹಾಕಬಹುದು. ವಕೀಲರು ಸಾಮಾನ್ಯವಾಗಿ ಗೆದ್ದರಷ್ಟೇ ಫೀಸು ಪಡೆಯುತ್ತಾರೆ, ಕೈಯಿಂದ ಖರ್ಚು ಕಡಿಮೆ. ಆದರೆ ತಪ್ಪು ತೋರಿಸಲೇಬೇಕು. ಕಂಪನಿ ಯಾರೊಬ್ಬರ ಹಿಡಿತದಲ್ಲೂ ಇಲ್ಲದೆ, ಪೂರ್ತಿ ಮಾಹಿತಿ ಪಡೆದ ಷೇರುದಾರರು ಒಪ್ಪಿ ಮತ ಹಾಕಿದ್ದರೆ, ಡೆಲವೇರ್ ಸುಪ್ರೀಂ ಕೋರ್ಟಿನ 2015ರ ಕಾರ್ವಿನ್ ತೀರ್ಪಿನ ನಂತರ ಇಂಥ ಕೇಸು ನಿಲ್ಲುವುದು ಕಷ್ಟ.

ಎರಡನೇ ದಾರಿ ಬೆಲೆ ಕಟ್ಟಿಸುವ ಅರ್ಜಿ. ಡೆಲವೇರ್ ಕಂಪನಿ ಕಾನೂನಿನ ಸೆಕ್ಷನ್ 262ರ ಈ ಅರ್ಜಿಯಲ್ಲಿ ಯಾರ ತಪ್ಪನ್ನೂ ತೋರಿಸಬೇಕಿಲ್ಲ, ನ್ಯಾಯವಾದ ಬೆಲೆಯನ್ನು ಕೋರ್ಟೇ ಕಟ್ಟುತ್ತದೆ. ಮತದಾನಕ್ಕೆ ಮೊದಲೇ ಕಂಪನಿಗೆ ಬೇಡಿಕೆ ಬರೆದು ಕೊಟ್ಟಿರಬೇಕು, ವಿಲೀನದ ಪರ ಮತ ಹಾಕಿರಬಾರದು. ಬೆಲೆ ಕೆಳಗೂ ಇಳಿಯಬಹುದು, ಅಲ್ವಾ? ಅರೂಬಾ ನೆಟ್‌ವರ್ಕ್ಸ್ ಎಂಬ ಕಂಪನಿಯ ಕೇಸಿನಲ್ಲಿ ಒಪ್ಪಂದದ ದರ ಷೇರಿಗೆ 24.67 ಡಾಲರ್, 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಟ್ಟಿದ್ದು 19.10! ನಾಲ್ಕು ಷೇರು ಇಟ್ಟುಕೊಂಡು ಸುಮ್ನೆ ಇದಕ್ಕೆ ಕೈ ಹಾಕಬೇಡಿ, ತಜ್ಞರ ಫೀಸೇ ಜಾಸ್ತಿಯಾಗುತ್ತದೆ.