ಶುಲ್ಕ ಮಾಫಿಯೋ, ಬಡ್ಡಿ ರಿಯಾಯಿತಿಯೋ?

ಇಂಜಿನಿಯರಿಂಗ್ ಸೀಟಿಗೆ ಕಾಯುತ್ತಿರುವ ಮಕ್ಕಳ ಮನೆಯಲ್ಲಿ ಎರಡು ದಾರಿಗಳ ಮಾತು ಬರುತ್ತದೆ. ಮೊದಲನೆಯದರ ಶುಲ್ಕ ಮಾಫಿಗೂ ಎರಡನೆಯದರ ಬಡ್ಡಿ ರಿಯಾಯಿತಿಗೂ ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿರಬೇಕು.

ಮೊದಲನೆಯದು ಸಿಇಟಿಯ ಸೂಪರ್ ನ್ಯೂಮರರಿ ಕೋಟಾ, ಅಂದರೆ ಎಸ್‌ಎನ್‌ಕ್ಯು. ಕಾಲೇಜಿನ ಸೀಟುಗಳ ಮೇಲೆ ಹೆಚ್ಚುವರಿ 5% ಸೀಟು. ಬೋಧನಾ ಶುಲ್ಕ ಮಾಫಿ. ಅದನ್ನು ಯಾವತ್ತೂ ತೀರಿಸಬೇಕಾಗಿಲ್ಲ. ಆದರೆ ಹಾಸ್ಟೆಲ್, ಊಟ, ಪುಸ್ತಕ ನಿಮ್ಮದೇ. ಸೀಟು ಕಮ್ಮಿ, ಒಳ್ಳೆಯ ರ‍್ಯಾಂಕ್ ಬೇಕೇ ಬೇಕು.

ಇನ್ನೊಂದು ಪಿಎಂ ವಿದ್ಯಾಲಕ್ಷ್ಮಿ, ಅಂದರೆ ಕೇಂದ್ರ ಸರ್ಕಾರದ ಶಿಕ್ಷಣ ಸಾಲದ ಯೋಜನೆ. 2024ರಲ್ಲಿ ಬಂತು. ಆಯ್ದ ಉತ್ತಮ ಕಾಲೇಜುಗಳಿಗೆ ಮಾತ್ರ. ಅಡಮಾನ, ಜಾಮೀನು ಬೇಡ. ಶುಲ್ಕದ ಜೊತೆ ಉಳಿದ ಖರ್ಚಿಗೂ ಸಾಲ ಸಿಗುತ್ತದೆ. 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ ಬಡ್ಡಿಯಲ್ಲಿ 3% ಸರ್ಕಾರದ್ದು. ವರಮಾನ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಓದಿದರೆ ಆ ಅವಧಿಯ ಪೂರ್ತಿ ಬಡ್ಡಿ ಸರ್ಕಾರವೇ ಕಟ್ಟುತ್ತದೆ. ಆದರೂ ಅಸಲು ನಿಮ್ಮ ತಲೆ ಮೇಲೆಯೇ, ಅಲ್ವಾ?

ನ್ಯಾಯದ ಲೆಕ್ಕದಲ್ಲಿ ಎಸ್‌ಎನ್‌ಕ್ಯು ನನಗೆ ನೋವು ಕೊಡುತ್ತದೆ. 1 ಲಕ್ಷದ ಮನೆಗೂ 7.9 ಲಕ್ಷದ ಮನೆಗೂ ಅಲ್ಲಿ ಒಂದೇ ಸಾಲು. ಕೋಚಿಂಗ್‌ಗೆ ಹೋದ ಮಗು ಸುಲಭವಾಗಿ ಮುಂದೆ ಹೋಗುತ್ತದೆ. ವಿದ್ಯಾಲಕ್ಷ್ಮಿಯಲ್ಲಿ ಕನಿಷ್ಠ ಎರಡು ಹಂತಗಳಿವೆ. ಸಂಬಳದ ಚೀಟಿ ಇರುವವರ ವರಮಾನ ಪೈಸೆ ಸಮೇತ ಕಾಣುತ್ತದೆ, ಅಂಗಡಿಯವರದ್ದು ಹಾಗಲ್ಲ. ಈ ತೊಂದರೆ ಎರಡರಲ್ಲೂ ಇದೆ.

ರ‍್ಯಾಂಕ್ ಇದ್ದರೆ ಎಸ್‌ಎನ್‌ಕ್ಯು ಬಿಡಬೇಡಿ. ತಹಶೀಲ್ದಾರರ ವರಮಾನ ಪತ್ರವನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿಡಿ. ಸೀಟು ಸಿಗದಿದ್ದರೆ ಆಮೇಲೆ ಸಾಲದ ಕಡೆ ನೋಡಿ.