ಮರಗಪ್ಪೆ ಫೋಟೋಗೆ ಫ್ಲಾಶಾ, ಎಲ್‌ಇಡಿ ಲೈಟಾ?

ಜೂನ್ ಮಳೆ ಹಿಡಿಯಿತೆಂದರೆ ಆಗುಂಬೆಯ ಹೊಂಡಗಳ ಸುತ್ತ, ಕೊಡಗಿನ ಕಾಫಿ ತೋಟಗಳ ಒಳಗೆ ಕ್ಯಾಮೆರಾ ಹಿಡಿದವರ ಓಡಾಟ ಶುರು. ಹೊಸಬರು ಮೊದಲು ಕೇಳೋದು ಲೆನ್ಸ್ ಯಾವುದು ಅಂತ. ಮರಗಪ್ಪೆ ಚಟುವಟಿಕೆ ಶುರು ಮಾಡೋದೇ ಕತ್ತಲಾದ ಮೇಲೆ, ಅದೂ ಮಳೆಯಲ್ಲಿ. ಹಾಗಾಗಿ ಮೊದಲು ಬೆಳಕಿನ ವಿಷಯ ತೀರ್ಮಾನವಾಗಲಿ. ಡಿಫ್ಯೂಸರ್ (ಬೆಳಕನ್ನು ಹರಡಿ ಮೆದು ಮಾಡುವ ಪರದೆ) ಹಾಕಿದ ಫ್ಲಾಶ್ ಮತ್ತು ಕೈಯಲ್ಲಿ ಹಿಡಿಯುವ ಎಲ್‌ಇಡಿ ಪ್ಯಾನೆಲ್, ಎರಡನ್ನೂ ಒಂದೇ ಬಗೆಯ ಕಪ್ಪೆಗಳ ಮೇಲೆ ಬಳಸಿ ನೋಡಿದ್ದೇನೆ.

ಕೊಡಗಿನ ಹಳದಿ ಪೊದೆಗಪ್ಪೆಯನ್ನೇ ತಗೊಳ್ಳಿ. ಗಾತ್ರ 3 ಸೆಂಟಿಮೀಟರ್ ಆಸುಪಾಸು. ಗಂಡಿನ ಕಣ್ಣಿಗೆ ನೀಲಿ ಬಳೆ ತೊಡಿಸಿದ ಹಾಗಿರುತ್ತದೆ. ಎಲೆ ಮೇಲೆ ಕೂತು ಗಂಟಲ ಚೀಲ ಉಬ್ಬಿಸಿ ಕೂಗುತ್ತಿರುತ್ತದೆ. ಇಷ್ಟು ಸಣ್ಣ ಪ್ರಾಣಿಯ ಹತ್ತಿರ ಹೋದಾಗ ಮೂತಿಯೂ ಕಣ್ಣೂ ಎರಡೂ ಸ್ಪಷ್ಟವಾಗಿ ಬರಬೇಕಾದರೆ ಎಫ್/11 ಬೇಕು, ಅಂದರೆ ಲೆನ್ಸ್‌ನ ಕಿಂಡಿ ಚಿಕ್ಕದಾಗಬೇಕು; ಆಗ ಒಳಗೆ ಬರುವ ಬೆಳಕೂ ಕಡಿಮೆ. ಫ್ಲಾಶ್‌ನಲ್ಲಿ ಶಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ; ಹೆಚ್ಚಿದಷ್ಟೂ ಚಿತ್ರ ಕಾಳುಕಾಳು) 400 ಇಟ್ಟು ಆರಾಮಾಗಿ ತೆಗೆಯಬಹುದು. ಫ್ಲಾಶ್ ಮಿಂಚುವ ಹೊತ್ತು ಎಷ್ಟು ಕಡಿಮೆ ಅಂದರೆ ಮಳೆ ಹನಿಗೆ ಎಲೆ ಅಲ್ಲಾಡಿದರೂ ಚಿತ್ರ ಅಲ್ಲಾಡಲ್ಲ. ಎಲ್‌ಇಡಿಯಲ್ಲಿ ಅದೇ ಎಫ್/11 ಇಟ್ಟರೆ ಐಎಸ್‌ಒ 3200 ದಾಟುತ್ತದೆ, ಶಟರ್ 1/60ಕ್ಕೆ ಇಳಿಯುತ್ತದೆ. ಎಲೆ ಸ್ವಲ್ಪ ತೂಗಿದರೂ ಮುಗೀತು. ಸಣ್ಣ ಕಪ್ಪೆಗಳ ಮಟ್ಟಿಗೆ ಫ್ಲಾಶೇ ಗೆಲ್ಲೋದು, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹಾಗಂತ ಬರೀ ಫ್ಲಾಶ್ ಹೊಡೆದರೆ ಫೋಟೋ ಕೆಡುತ್ತದೆ. ಕಪ್ಪೆಯ ಚರ್ಮ ಯಾವಾಗಲೂ ಒದ್ದೆ. ಬೆನ್ನ ಮೇಲೆಲ್ಲ ಬಿಳಿ ಚುಕ್ಕೆ ಹೊಳೆಯುತ್ತವೆ, ನಿಜವಾದ ಬಣ್ಣ ಅದರಡಿ ಮುಚ್ಚಿಹೋಗುತ್ತದೆ. ಡಿಫ್ಯೂಸರ್ ದೊಡ್ಡದಿದ್ದಷ್ಟೂ, ಕಪ್ಪೆಗೆ ಹತ್ತಿರವಿದ್ದಷ್ಟೂ ಈ ಹೊಳಪು ತಗ್ಗುತ್ತದೆ. ದುಡ್ಡು ಕೊಟ್ಟು ಕೊಂಡದ್ದಕ್ಕಿಂತ ಟಿವಿ ಡಬ್ಬದೊಳಗೆ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಬಾಗಿಸಿ ಕಟ್ಟಿದ್ದೇ ನನಗೆ ಒಗ್ಗಿದ್ದು. ಕಾಗದದ ಹಾಗೆ ಮಳೆಗೆ ಮುದ್ದೆಯಾಗಲ್ಲ.

ಫ್ಲಾಶ್‌ನ ಇನ್ನೊಂದು ತಕರಾರು, ಹಿನ್ನೆಲೆ ಪೂರ್ತಿ ಕಪ್ಪಾಗೋದು. ಕಾಡೋ ಸ್ಟುಡಿಯೋವೋ ಗೊತ್ತಾಗಲ್ಲ. ಕಪ್ಪೆಯ ಹಿಂದೆ ಅರ್ಧ ಅಡಿಯೊಳಗೆ ಇನ್ನೊಂದು ಎಲೆ ಬರುವ ಹಾಗೆ ಕೋನ ಹುಡುಕಿಕೊಂಡರೆ ಹಸಿರು ಉಳಿಯುತ್ತದೆ.

ಎಲ್‌ಇಡಿಯ ದೊಡ್ಡ ಲಾಭ, ಕ್ಲಿಕ್ ಮಾಡುವ ಮೊದಲೇ ಹೊಳಪು ಎಲ್ಲಿ ಬೀಳುತ್ತಿದೆ ಅಂತ ಕಾಣುತ್ತದೆ. ಕತ್ತಲಲ್ಲಿ ಕಪ್ಪೆಯ ಪಾಪೆ ದೊಡ್ಡದಾಗಿ ಅರಳಿರುತ್ತದೆ. ಹಾಗೇ ಫ್ಲಾಶ್ ಹೊಡೆದರೆ ಕಣ್ಣು ಬರೀ ಕಪ್ಪು ಗೋಲಿ. ಸ್ವಲ್ಪ ಹೊತ್ತು ಮಂದ ಬೆಳಕು ಬಿಟ್ಟರೆ ಪಾಪೆ ಅಡ್ಡಕ್ಕೆ ಕಿರಿದಾಗಿ ಸುತ್ತಲಿನ ಬಣ್ಣ ಕಾಣುತ್ತದೆ. ಅದಕ್ಕೇ ಈಗ ಫೋಕಸ್ ಮಾಡಲು ಸಣ್ಣ ಎಲ್‌ಇಡಿ, ಫೋಟೋ ತೆಗೆಯಲು ಫ್ಲಾಶ್ ಇಟ್ಟುಕೊಂಡಿದ್ದೇನೆ. ವಿಡಿಯೋ ಬೇಕಾದವರಿಗೆ ಎಲ್‌ಇಡಿ ಬಿಟ್ಟು ಗತಿಯಿಲ್ಲ. ಆದರೆ ಬೆಳಕು ಜಾಸ್ತಿ ಮಾಡಿದರೆ ಗಂಡು ಕೂಗು ನಿಲ್ಲಿಸಿ ಬೆನ್ನು ತಿರುಗಿಸುತ್ತದೆ. ಮೊದಲ ಮಳೆಯ ದಿನಗಳಲ್ಲಿ ಈಚಲು ಹುಳಗಳು ಬಂದು ಪ್ಯಾನೆಲ್‌ಗೆ, ನಮ್ಮ ಮುಖಕ್ಕೆ ಮುತ್ತೋದು ಬೇರೆ!

ಮಲಬಾರ್ ಹಾರುವ ಕಪ್ಪೆಯ ಲೆಕ್ಕ ಬೇರೆ. ಹೆಣ್ಣು 10 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಜೋಡಿ ಮೊಟ್ಟೆಯಿಡಲು ನೊರೆಗೂಡು ಕಟ್ಟುವಾಗ ಬಹಳ ಹೊತ್ತು ಒಂದೇ ಕಡೆ ಇರುತ್ತದೆ. ಇಷ್ಟು ದೊಡ್ಡ ಕಪ್ಪೆಗೆ ದೊಡ್ಡ ಕಿಂಡಿಯ ಎಫ್/5.6 ಸಾಕು, ಹಾಗಾಗಿ ಎಲ್‌ಇಡಿ ಇಲ್ಲಿ ಫ್ಲಾಶ್‌ಗೆ ಸಮ ಬರುತ್ತದೆ. ಇನ್ನೂ ಹೇಳಬೇಕೆಂದರೆ ಇಲ್ಲಿ ನನಗೆ ತುಂಬ ಇಷ್ಟವಾದ ಚಿತ್ರಗಳು ಮೊಬೈಲ್‌ನವು. ನೊರೆ, ಕೆಳಗಿನ ಹೊಂಡ, ಎಲೆ ಎಲ್ಲ ಒಟ್ಟಿಗೆ ಬಂದಾಗಲೇ ಗೊದಮೊಟ್ಟೆ ಎಲ್ಲಿಂದ ಎಲ್ಲಿಗೆ ಬೀಳುತ್ತದೆ ಅಂತ ನೋಡುವವರಿಗೆ ಅರ್ಥವಾಗೋದು. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್‌ನಲ್ಲಿ ಇದು ಸಿಗಲ್ಲ.

ಲೆನ್ಸ್ ಬಗ್ಗೆ ಚಿಕ್ಕದಾಗಿ: 60 ಎಂಎಂಗಿಂತ 100 ಎಂಎಂ ಮ್ಯಾಕ್ರೋ ಒಳ್ಳೆಯದು. ಕಪ್ಪೆಗೂ ಲೆನ್ಸ್‌ಗೂ ನಡುವೆ ಡಿಫ್ಯೂಸರ್ ಹಿಡಿಯುವಷ್ಟು ಜಾಗ ಉಳಿಯುತ್ತದೆ. 60ರಲ್ಲಿ ಲೆನ್ಸ್‌ನ ನೆರಳೇ ಕಪ್ಪೆ ಮೇಲೆ ಬೀಳುತ್ತದೆ.

ಯಾವ ಬೆಳಕೇ ಹಿಡಿಯಿರಿ, ಸೊಳ್ಳೆ ಕ್ರೀಮ್ ಅಥವಾ ಇಂಬಳಕ್ಕೆ (ಜಿಗಣೆಗೆ) ಹಚ್ಚಿದ ನಶ್ಯದ ಕೈಯಲ್ಲಿ ಕಪ್ಪೆ ಮುಟ್ಟಬೇಡಿ. ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಫ್ರೇಮಿಗೆ ಅಡ್ಡ ಬಂದ ಎಲೆ ಕೀಳೋದೂ ಬೇಡ. ಹಳದಿ ಪೊದೆಗಪ್ಪೆಯಂಥವಕ್ಕೆ ನೀರಲ್ಲಿ ಈಜುವ ಗೊದಮೊಟ್ಟೆ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಪುಟಾಣಿ ಕಪ್ಪೆ ಹೊರಬರುತ್ತದೆ. ಕಿತ್ತ ಎಲೆಗೆ ಆ ಮೊಟ್ಟೆಗಳೇ ಅಂಟಿಕೊಂಡಿರಬಹುದು.