ಗೌರಿಗೆ ಹಾಕಿ ನೋಡಿದ ಮೂರು ಕಡಿವಾಣ

ನನ್ನ ಕುದುರೆ ಗೌರಿಗೆ ಯಾವ ಕಡಿವಾಣ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸೈಡ್‌ಪುಲ್‌ಗೆ. ಬಾಯೊಳಗೆ ಏನೂ ಇರದ, ಮೂಗಿನ ಪಟ್ಟಿಯ ಎರಡೂ ಪಕ್ಕಕ್ಕೆ ಲಗಾಮು ಸಿಕ್ಕಿಸುವ ಸಾದಾ ಚರ್ಮದ ಕಡಿವಾಣ ಅದು. ಅಲ್ಲಿಗೆ ಬರುವ ಮೊದಲು 6,500 ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಗೌರಿ ಕುಣಿಗಲ್‌ನಲ್ಲಿ ಹುಟ್ಟಿ, ಕೆಲವು ವರ್ಷ ರೇಸ್ ಓಡಿ ನನ್ನ ಹತ್ತಿರ ಬಂದವಳು. ಆಗ ಅವಳಿಗೆ ಹಾಕುತ್ತಿದ್ದದ್ದು ಸ್ನಾಫಲ್. ನಡುವೆ ಕೀಲಿರುವ ಸ್ಟೀಲ್ ಸರಳು, ಹಲ್ಲಿಲ್ಲದ ಒಸಡಿನ ಮೇಲೆ ಕೂರುತ್ತದೆ. ಹಗುರ ಕೈಯವರಿಗೆ ಅದೇನೂ ಕೆಟ್ಟದ್ದಲ್ಲ. ನನ್ನ ಕೈ ಒರಟು. ರೇಸಿನ ಕುದುರೆ ಎಳೆದಷ್ಟೂ ಲಗಾಮಿಗೆ ಒರಗಿ ಓಡುವುದನ್ನು ಕಲಿತಿರುತ್ತದೆ. ನಾನು ಎಳೆದೆ, ಅವಳು ಓಡಿದಳು. ಒಂದು ದಿನ ತುಟಿಯ ಮೂಲೆ ಸೀಳಿದ್ದು ಕಂಡಿತು.

"ಮುಳ್ಳಿಂದು ಹಾಕಿ ಸಾರ್, ನಿಲ್ತಾಳೆ" ಅಂದರು ಪರಿಚಯದವರೊಬ್ಬರು. ಅದು ಈ ಹೋಲಿಕೆಗೇ ಬೇಡ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಮುಳ್ಳಿನ ಕಡಿವಾಣ ಹಾಕಬಾರದು ಅಂತ 1965ರ ನಿಯಮವೇ ಇದೆ.

ಬಾಯಲ್ಲಿ ಕಬ್ಬಿಣ ಇಲ್ಲದಿದ್ದರೆ ಹಿಂಸೆಯೂ ಇಲ್ಲ ಅಂದುಕೊಂಡು ಮೆಕ್ಯಾನಿಕಲ್ ಹ್ಯಾಕಮೋರ್ ತಂದೆ. ಪಕ್ಕಕ್ಕೆ ಉದ್ದನೆಯ ಸ್ಟೀಲ್ ಕೈಗಳು, ಗದ್ದದ ಕೆಳಗೆ ಸರಪಳಿ. ಸನ್ನೆಗೋಲಿನ ಥರ ಕೆಲಸ ಮಾಡುತ್ತದೆ. ಸ್ವಲ್ಪ ಎಳೆದರೂ ಮೂಗಿಗೆ ಒತ್ತುವುದು ಜಾಸ್ತಿ. ಅದರ ಮೇಲೆ ನಾನು ಪಟ್ಟಿಯನ್ನು ತೀರಾ ಕೆಳಗೆ ಕಟ್ಟಿದ್ದೆ, ಮೂಗಿನ ಮೂಳೆ ಮುಗಿದು ಮೆತ್ತಗಾಗುವ ಜಾಗದಲ್ಲಿ. ಕುದುರೆಗೆ ಬಾಯಿಂದ ಉಸಿರಾಡಲು ಬರುವುದಿಲ್ಲ, ಮೂಗೊಂದೇ ದಾರಿ. ಮೂರನೇ ಸುತ್ತಿಗೆ ಗೌರಿ ತಲೆ ಮೇಲೆತ್ತಿ ಗೊರಗೊರ ಅಂದಳು. ಕೊಬ್ಬು ಅಂದುಕೊಂಡು ಇನ್ನೂ ಎಳೆದೆ. ಕುದುರೆ ನೋಡಿಕೊಳ್ಳುವ ಸೈಸ್ ಓಡಿ ಬಂದು, "ಉಸಿರು ಕಟ್ತಿದೆ ಅಣ್ಣ, ಬಿಡಿ!" ಅಂದ. ಇಳಿದು ನೋಡಿದರೆ ಪಟ್ಟಿಯ ಅಚ್ಚು ಬಿದ್ದಿತ್ತು. ಬೆರಳು ತಾಗಿಸಿದರೆ ಮುಖ ತಿರುಗಿಸಿದಳು. ಎರಡು ವಾರ ಸವಾರಿ ಬಂದ್. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಸೈಡ್‌ಪುಲ್ ಕಾನ್ಪುರದ ಚರ್ಮದ್ದು, 2,400 ರೂಪಾಯಿ. ಎಳೆದಷ್ಟೇ ಒತ್ತುತ್ತದೆ, ಅಷ್ಟೇ. ಕಿರಿಕಿರಿ ಇಲ್ಲ ಅಂತಲ್ಲ. ಎಡಕ್ಕೆ ಎಳೆದರೆ ಬಲಗೆನ್ನೆಯ ಪಟ್ಟಿ ಜಾರಿ ಕಣ್ಣಿಗೆ ತಾಗುತ್ತಿತ್ತು. ಮೂಗಿನ ಪಟ್ಟಿ ಬಿಗಿ ಮಾಡೋಣ ಅಂದರೆ, ಎರಡು ಬೆರಳು ಹೋಗುವಷ್ಟು ಸಡಿಲ ಇರಲೇಬೇಕು. ಕೊನೆಗೆ ಚಪ್ಪಲಿ ಹೊಲಿಯುವವರ ಹತ್ತಿರ ದವಡೆಯ ಕೆಳಗೆ ಇನ್ನೊಂದು ಪಟ್ಟಿ ಹೊಲಿಸಿದೆ. ಈಗ ಅಲ್ಲಾಡುವುದಿಲ್ಲ. ಬೇಸಿಗೆಯ ಬೆವರಿಗೆ ಮೂಗಿನ ಮೇಲಿನ ಕೂದಲು ಉದುರುತ್ತದೆ, ಅದಕ್ಕೆ ಕುರಿ ಉಣ್ಣೆ ಸುತ್ತಿದ್ದೇನೆ.

ಕುದುರೆ ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ ನಿಯಮದಲ್ಲಿ, ಕುದುರೆಯ ನಡಿಗೆ, ಹಿಡಿತ ನೋಡುವ ಡ್ರೆಸಾಜ್ ಸ್ಪರ್ಧೆಗೆ ಬಾಯಲ್ಲಿ ಬಿಟ್ (ಸ್ನಾಫಲ್‌ನಂಥ ಸರಳು) ಇರಲೇಬೇಕು. ಅಡ್ಡಕಟ್ಟೆ ಹಾರುವ ಜಂಪಿಂಗ್‌ಗೆ ಇಲ್ಲದಿದ್ದರೂ ನಡೆಯುತ್ತದೆ. ನನಗೆ ಎರಡೂ ಬೇಡ, ಭಾನುವಾರ ಕೆರೆ ಏರಿ ಮೇಲೆ ಒಂದು ಸುತ್ತು ಸಾಕು. ಪದಕ ಬೇಕಾದವರು ಒಳ್ಳೆ ಗುರು ಹಿಡಿದು, ಕೈ ಹಗುರ ಮಾಡಿಕೊಂಡು ಸ್ನಾಫಲ್ ಹಾಕಲಿ.

"ಓಡಿದರೆ ಹೇಗೆ ನಿಲ್ಲಿಸ್ತೀಯಾ?" ಅಂತ ಎಲ್ಲರೂ ಕೇಳುತ್ತಾರೆ. ಸುತ್ತು ಹಾಕಿಸುತ್ತೇನೆ, ಸುತ್ತು ಸಣ್ಣದಾದಂತೆ ನಿಲ್ಲುತ್ತಾಳೆ. ಹ್ಯಾಕಮೋರಿನ ಸರಪಳಿ ಈಗ ಲಾಯದ ಗೇಟಿಗಿದೆ.